37 ಸೆಕೆಂಡುಗಳ ಲೆಕ್ಕ

ಹಳೆಯ ಯಂತ್ರವನ್ನು ಗುಜರಿಗೆ ಹಾಕುವ ಮುನ್ನ ಅದರಿಂದ ಇನ್ನೆಷ್ಟು ಕೆಲಸ ದೊರೆಯಬಹುದೆಂದು ಲೆಕ್ಕ ಹಾಕದ ಉದ್ದಿಮೆದಾರನಿಲ್ಲ. ಆದರೆ ಅನುಭವಿ ಕೆಲಸಗಾರನ ವಿಷಯ ಬಂದಾಗ ಬಹುತೇಕ ಸಂಸ್ಥೆಗಳು ಜನ್ಮದಿನಾಂಕವೊಂದನ್ನೇ ನೋಡಿ ತೀರ್ಮಾನಕ್ಕೆ ಬರುತ್ತವೆ. ಈ ರೂಢಿಯನ್ನು ಪರೀಕ್ಷಿಸಲು 2013ರಲ್ಲಿ ಸ್ಪೇನ್ ದೇಶದಲ್ಲಿ ನಡೆದ ‘ವುಯೆಲ್ಟಾ’ ಸೈಕಲ್ ಸ್ಪರ್ಧೆ ಉತ್ತಮ ನಿದರ್ಶನವನ್ನು ಒದಗಿಸುತ್ತದೆ.

ಮೂರು ವಾರಗಳಲ್ಲಿ 21 ಹಂತಗಳನ್ನು ಕ್ರಮಿಸಬೇಕಾದ ಈ ಸ್ಪರ್ಧೆಯಲ್ಲಿ ಒಟ್ಟು ಕಾಲಾವಧಿ ಯಾರದು ಕಡಿಮೆಯೋ ಅವರೇ ವಿಜೇತರು. ಆ ವರ್ಷ ಗೆದ್ದವರು ಅಮೆರಿಕದ ಕ್ರಿಸ್ ಹಾರ್ನರ್. ಅವರಿಗೆ 42 ವರ್ಷ ತುಂಬಲು ಉಳಿದಿದ್ದುದು 38 ದಿನಗಳು ಮಾತ್ರ. ಇಟಲಿ, ಫ್ರಾನ್ಸ್ ಮತ್ತು ಸ್ಪೇನ್‌ಗಳ ಮೂರು ಮಹಾಸ್ಪರ್ಧೆಗಳ ಇತಿಹಾಸದಲ್ಲಿ ಅದುವರೆಗಿನ ಅತಿ ಹಿರಿಯ ವಿಜೇತರು 1922ರಲ್ಲಿ ‘ಟೂರ್ ಡಿ ಫ್ರಾನ್ಸ್’ ಗೆದ್ದ ಬೆಲ್ಜಿಯಂನ ಫಿರ್ಮಿನ್ ಲಾಂಬೊ. ಆಗ ಅವರ ವಯಸ್ಸು 36.

ಈ ಜಯ ಪವಾಡವೇನಲ್ಲ. ಸಮತಟ್ಟಾದ ರಸ್ತೆಯಲ್ಲಿ ಇತರರ ಹಿಂದೆ ಸಾಗುವವನಿಗೆ ಗಾಳಿಯ ತಡೆ ಕಡಿಮೆಯಾಗಿ ಶಕ್ತಿ ಉಳಿಯುತ್ತದೆ. ಕಡಿದಾದ ಏರಿನಲ್ಲಿ ವೇಗ ತಗ್ಗುವುದರಿಂದ ಆ ಆಸರೆ ಬಹುಮಟ್ಟಿಗೆ ಇಲ್ಲವಾಗುತ್ತದೆ. ದೇಹದ ತೂಕಕ್ಕೆ ಅನುಗುಣವಾಗಿ ದೀರ್ಘಕಾಲ ನೀಡಬಲ್ಲ ಶಕ್ತಿಯೇ ಅಲ್ಲಿ ನಿರ್ಣಾಯಕ. ವಯಸ್ಸಿನೊಂದಿಗೆ ಕ್ಷಣಿಕ ರಭಸ ಮೊದಲು ಕುಂದುತ್ತದೆ, ತಾಳಿಕೆಯ ಶಕ್ತಿ ನಿಧಾನವಾಗಿ ಕುಂದುತ್ತದೆ. ಹಾರ್ನರ್ ಗೆದ್ದದ್ದು ತಮಗೆ ಒಗ್ಗುವ ಕೆಲಸದಲ್ಲಿ.

ಅವರ ಪ್ರತಿಸ್ಪರ್ಧಿ ಇಟಲಿಯ ವಿನ್ಸೆಂಜೊ ನಿಬಾಲಿ, 28ರ ಯುವಕ, ಅದೇ ಮೇ ತಿಂಗಳಲ್ಲಿ ‘ಜಿರೊ’ ಗೆದ್ದವರು. ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡುವ 11ನೇ ಹಂತದಲ್ಲಿ ನಿಬಾಲಿ ಮುನ್ನಡೆಯನ್ನು ಮರಳಿ ಪಡೆದರು. ಹಾರ್ನರ್ ಆ ನಷ್ಟವನ್ನು ಒಂದೇ ದಿನದಲ್ಲಿ ತುಂಬಿಕೊಳ್ಳಲು ಹೊರಡಲಿಲ್ಲ. 16ನೇ ಹಂತದ ನಂತರ ಅಂತರ 28 ಸೆಕೆಂಡಿಗೆ, 18ನೇ ಹಂತದ ನಂತರ 3 ಸೆಕೆಂಡಿಗೆ ಇಳಿಯಿತು. 19ನೇ ಹಂತದಲ್ಲಿ ಅವರೇ 3 ಸೆಕೆಂಡು ಮುಂದಾದರು.

ಮರುದಿನ ಎದುರಾದುದು ಆಂಗ್ಲಿರು ಪರ್ವತ. ಸುಮಾರು 12 ಕಿಲೋಮೀಟರ್ ಉದ್ದದ ಈ ಏರಿನ ಅತಿ ಕಡಿದಾದ ಭಾಗದಲ್ಲಿ 100 ಮೀಟರ್ ಸಾಗಿದರೆ 23 ಮೀಟರಿಗೂ ಹೆಚ್ಚು ಮೇಲೇರಬೇಕು. ನಿಬಾಲಿ ಮತ್ತೆ ಮತ್ತೆ ಮುನ್ನುಗ್ಗಿದರು. ಹಾರ್ನರ್ ಪ್ರತಿ ಬಾರಿಯೂ ಗಾಬರಿಗೊಳ್ಳದೆ, ತಮ್ಮ ಲಯ ಕೆಡಿಸಿಕೊಳ್ಳದೆ ಅವರನ್ನು ಕೂಡಿಕೊಂಡರು; ಕೊನೆಯಲ್ಲಿ ಎದುರಾಳಿ ಬಳಲಿದಾಗ ಬಿಟ್ಟು ಮುಂದೆ ಸಾಗಿದರು. ಅಂತಿಮ ಅಂತರ 37 ಸೆಕೆಂಡು. ಪ್ರತಿಸ್ಪರ್ಧಿ ಬೆಲೆ ಇಳಿಸಿದಾಗಲೆಲ್ಲ ತಾನೂ ಅಂದೇ ಇಳಿಸಿ ದುಡಿಯುವ ಬಂಡವಾಳವನ್ನು ಕರಗಿಸಿಕೊಳ್ಳುವ ವರ್ತಕನಿಗೆ ಇದರಲ್ಲಿ ಪಾಠವಿದೆ.

ಆದರೆ ಲೆಕ್ಕದ ಇನ್ನೊಂದು ಬದಿಯನ್ನೂ ನೋಡಬೇಕು. ಮೊಣಕಾಲಿನ ತೊಂದರೆ ಮತ್ತು ಶಸ್ತ್ರಚಿಕಿತ್ಸೆಯಿಂದ ಹಾರ್ನರ್ ತಿಂಗಳುಗಟ್ಟಲೆ ಸ್ಪರ್ಧೆಗಳಿಂದ ದೂರವಿದ್ದು ಆಗಸ್ಟಿನಲ್ಲಷ್ಟೇ ಮರಳಿದ್ದರು. ನಿಬಾಲಿ ಒಂದು ಮಹಾಸ್ಪರ್ಧೆಯ ದಣಿವನ್ನು ಹೊತ್ತು ಬಂದಿದ್ದರು. ಗೆಲುವಿನಲ್ಲಿ ಅನುಭವದಷ್ಟೇ ವಿಶ್ರಾಂತಿಗೂ ಪಾಲಿತ್ತು. ಉದ್ದೀಪನ ಮದ್ದಿನ ಹಗರಣಗಳಿಂದ ನಲುಗಿದ ಕ್ರೀಡೆಯಾದುದರಿಂದ ಸಂಶಯಗಳೂ ಕೇಳಿಬಂದವು. ಅವರು ತಮ್ಮ ರಕ್ತಪರೀಕ್ಷೆಯ ಅಂಕಿಗಳನ್ನು ಬಹಿರಂಗಪಡಿಸಿದರು. ಸಾಧನೆ ಅಸಾಧಾರಣವಾದಷ್ಟೂ ಖಾತೆಪುಸ್ತಕ ತೆರೆದಿರಬೇಕೆಂಬುದು ವ್ಯಾಪಾರಕ್ಕೂ ಸಲ್ಲುವ ಮಾತು.

ಇಷ್ಟೆಲ್ಲ ಆದರೂ ವಿಜೇತನಿಗೆ ಹೊಸ ತಂಡದ ಒಪ್ಪಂದ ದೊರೆತದ್ದು 2014ರ ಜನವರಿಯಲ್ಲಿ. ಮಾರುಕಟ್ಟೆ ನೋಡಿದ್ದು ಫಲಿತಾಂಶವನ್ನಲ್ಲ, ವಯಸ್ಸನ್ನು. ಆ ಏಪ್ರಿಲ್‌ನಲ್ಲಿ ಅಭ್ಯಾಸದ ವೇಳೆ ಅಪಘಾತವಾಗಿ, ಅಂತಹ ಜಯ ಮತ್ತೆ ಬರಲಿಲ್ಲ ಎಂಬುದೂ ನಿಜ. ಹಾಗೆಂದು ಮಾಲೀಕರ ಎಚ್ಚರಿಕೆಯೇ ಸರಿಯಾಗಿತ್ತೆಂದು ಹೇಳಲಾಗದು. ಹಿರಿಯನನ್ನು ಹತ್ತು ವರ್ಷಕ್ಕೆ ನೇಮಿಸಿಕೊಳ್ಳುವುದು ಬೇರೆ, ಒಂದು ನಿರ್ದಿಷ್ಟ ಕೆಲಸಕ್ಕೆ, ನಿರ್ದಿಷ್ಟ ಅವಧಿಗೆ, ತಕ್ಕ ವಿಶ್ರಾಂತಿಯೊಡನೆ ಉಳಿಸಿಕೊಳ್ಳುವುದು ಬೇರೆ. ಭಾರ ಎತ್ತುವ ಕೆಲಸದಿಂದ ಹಿರಿಯ ಫಿಟ್ಟರನನ್ನು ಬಿಡಿಸಿ, ಅಳತೆ, ಪರಿಶೀಲನೆ ಮತ್ತು ಹೊಸಬರ ತರಬೇತಿಗೆ ನಿಯೋಜಿಸುವ ಕಾರ್ಖಾನೆಗೆ ಎರಡೂ ಕಡೆಯಿಂದ ಲಾಭ. ನಿವೃತ್ತಿಯ ಪತ್ರಕ್ಕೆ ಸಹಿ ಹಾಕುವ ಮುನ್ನ ಯಂತ್ರಕ್ಕೆ ಸಲ್ಲಿಸುವಷ್ಟು ಲೆಕ್ಕಾಚಾರದ ಗೌರವವನ್ನು ಮನುಷ್ಯನಿಗೂ ಸಲ್ಲಿಸುವುದು ಉಚಿತ.