ಶಿವ್ಡಿಯ ಶೆವರ್ಲೆಯೋ, ಕುರ್ಲಾದ ಡಾಡ್ಜೋ?

ಸಯನ್ ಎಂದರೆ ಮರಾಠಿಯ ಶೀವ್, ಅಂದರೆ ಗಡಿ. ಮುಂಬಯಿ ದ್ವೀಪ ಮುಗಿದು ಸಾಷ್ಟಿ ಶುರುವಾಗುತ್ತಿದ್ದ ಈ ಗಡಿಯ ದಕ್ಷಿಣಕ್ಕೆ ಶಿವ್ಡಿ, ಉತ್ತರಕ್ಕೆ ಕುರ್ಲಾ. ಒಂದು ಕಾಲಕ್ಕೆ ಎರಡೂ ಕಡೆ ಅಮೆರಿಕದ ಕಾರುಗಳನ್ನು ಜೋಡಿಸುತ್ತಿದ್ದರು. ಶಿವ್ಡಿಯಲ್ಲಿ ಜನರಲ್ ಮೋಟರ್ಸ್ 1928ರಿಂದ ಶೆವರ್ಲೆ ಜೋಡಿಸಿತು; ಕುರ್ಲಾದಲ್ಲಿ ವಾಲ್‌ಚಂದ್ ಹೀರಾಚಂದರ ಪ್ರೀಮಿಯರ್ ಕಂಪನಿ 1947ರಿಂದ ಕ್ರೈಸ್ಲರ್‌ನ ಡಾಡ್ಜ್, ಪ್ಲಿಮತ್‌ಗಳನ್ನು ಹೊರತಂದಿತು. ಹಳೆ ಕಾರಿನ ಹುಚ್ಚಿದ್ದವರು ಹಿರಿತನ ನೋಡಿ ಶೆವರ್ಲೆಗೇ ಮಣೆ ಹಾಕುತ್ತಾರೆ. ಈ ಊರಿನ ಸಂಗ್ರಾಹಕನ ಬಳಿ ಒಂದೇ ಕಾರಿಗೆ ಜಾಗವಿದ್ದರೆ ಅದು ಐವತ್ತರ ದಶಕದ ಕುರ್ಲಾ ಡಾಡ್ಜ್‌ಗೆ ಸಲ್ಲಬೇಕು ಎಂಬುದು ನನ್ನ ವಾದ.

ಶೆವರ್ಲೆ ಕಡಿಮೆಯದೇನಲ್ಲ. 1929ರಲ್ಲಿ ನಾಲ್ಕು ಸಿಲಿಂಡರಿನ ಬೆಲೆಗೇ ಆರು ಸಿಲಿಂಡರ್ ಕೊಟ್ಟು ಫೋರ್ಡನ್ನು ಬೆಚ್ಚಿಬೀಳಿಸಿದ ಗಾಡಿ ಅದು. ಆದರೆ ಅದರ ತಗಡಿನ ಒಳಗಿರುವುದು ಮರದ ಚೌಕಟ್ಟು. ಮುಂಬಯಿಯ ನಾಲ್ಕು ತಿಂಗಳ ಮಳೆಗೆ ಆ ಮರ ಉಬ್ಬುತ್ತದೆ, ಸ್ಕ್ರೂ ಸಡಿಲವಾಗುತ್ತದೆ, ಬಾಗಿಲು ಜೋತುಬೀಳುತ್ತದೆ. ಆಮೇಲೆ ಮೆಕ್ಯಾನಿಕ್‌ಗಿಂತ ಮೊದಲು ಬಡಗಿಯನ್ನು ಹುಡುಕಬೇಕು. ಬ್ರೇಕು ಸರಳು-ತಂತಿಯದು. ಡಾಡ್ಜ್‌ನದು ಪೂರಾ ಉಕ್ಕಿನ ಒಡಲು, ಹೈಡ್ರಾಲಿಕ್ ಬ್ರೇಕು. ಬಾಗಿಲಡಿಯ ಪಟ್ಟಿ ತುಕ್ಕು ಹಿಡಿದರೆ ಕುರ್ಲಾದ ವೆಲ್ಡರ್ ಕತ್ತರಿಸಿ ಬೆಸೆದುಕೊಡುತ್ತಾನೆ.

ಎರಡೂ ಪೆಟ್ಟಿಗೆಯಲ್ಲಿ ಬಂದ ಬಿಡಿಭಾಗಗಳ ಜೋಡಣೆಯೇ, ಇದರಲ್ಲಿ ಸ್ವದೇಶಿ ಎಲ್ಲಿಂದ ಬಂತು ಎಂದು ಕೇಳಬಹುದು. ನಿಜ, ಕಿಂಗ್ಸ್‌ವೇ ಎಂದು ಮೆರೆದ ಡಾಡ್ಜ್ ಕೂಡ ಪ್ಲಿಮತ್ ಒಡಲಿಗೆ ಬೇರೆ ಮುಖ ಹಚ್ಚಿದ ರಫ್ತಿನ ಮಾಲು. ಆದರೆ ಜೋಡಣೆ ಸಾಲದು, ಭಾಗಗಳನ್ನೂ ಇಲ್ಲೇ ತಯಾರಿಸಿ ಎಂದು ಸರ್ಕಾರ ಪಟ್ಟುಹಿಡಿದಾಗ ಶಿವ್ಡಿಯ ಕಾರ್ಖಾನೆ 1954ರಲ್ಲಿ ಬಾಗಿಲು ಹಾಕಿತು. ಕುರ್ಲಾ ಉಳಿಯಿತು, ಮುಂದೆ ಅದೇ ಅಂಗಳದಿಂದ ಫಿಯೆಟ್, ಪದ್ಮಿನಿಗಳು ಬಂದವು. ಆ ಕಾರ್ಖಾನೆಯ ಹಿಂದೆ ಮೂವತ್ತರ ದಶಕದಲ್ಲಿ ದೇಶಿ ಮೋಟಾರು ಉದ್ಯಮಕ್ಕಾಗಿ ಓಡಾಡಿದ ನಮ್ಮ ವಿಶ್ವೇಶ್ವರಯ್ಯನವರ ಯೋಜನೆಯೂ ಇದೆ. (ಕನ್ನಡಿಗರಿಗೆ ಕನ್ನಂಬಾಡಿ ನೆನಪಾಗುವಷ್ಟು ಇದು ನೆನಪಾಗುವುದಿಲ್ಲ.)

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಟ್ಯಾಕ್ಸಿಯಾಗಿ ಸವೆದ ಡಾಡ್ಜ್‌ಗಳಲ್ಲಿ ಎಷ್ಟೋ ಗಾಡಿಗಳ ಮೂಲ ಎಂಜಿನ್ ಕಿತ್ತು ಡೀಸೆಲ್ ಎಂಜಿನ್ ಕೂರಿಸಿದ್ದಾರೆ, ಅಂಥದ್ದು ಅಪ್ಪಟ ಹೇಗಾದೀತು? 2021ರ ಕೇಂದ್ರದ ನಿಯಮವೂ ಹಾಗೇ ಹೇಳುತ್ತದೆ: 50 ವರ್ಷ ದಾಟಿ, ಚಾಸಿ, ಒಡಲು, ಎಂಜಿನ್ ಮೂಲದಂತೆಯೇ ಇದ್ದರೆ ಮಾತ್ರ 20,000 ರೂಪಾಯಿ ಕಟ್ಟಿಸಿಕೊಂಡು ‘ವಿಎ’ ನಂಬರು ಕೊಡುತ್ತಾರೆ. ಗ್ಯಾರೇಜಿನಲ್ಲಿ ಹೊದಿಕೆಯಡಿ ಮಲಗಿದ ಶ್ರೀಮಂತರ ಕಾರಿಗೆ ಈ ಅಳತೆ ಸರಿಹೊಂದುತ್ತದೆ. ಪೆಟ್ರೋಲಿನ ಖರ್ಚು ತಾಳಲಾರದೆ ಎಂಜಿನ್ ಬದಲಿಸಿ ದುಡಿಸಿದ ಟ್ಯಾಕ್ಸಿಗೆ ಹೊಂದುವುದಿಲ್ಲ. ಅದಕ್ಕೆಂದೇ ಬೇರೊಂದು ವರ್ಗ ತೆರೆದು, ಆ ಡೀಸೆಲ್ ಎಂಜಿನ್ನನ್ನೂ ಕಾರಿನ ಚರಿತ್ರೆಯೊಳಗೆ ದಾಖಲಿಸಿಕೊಳ್ಳಲಿ.