ಕಿವಿಯ ಪಾಠ ಶಾಲೆಯಲ್ಲೇ ನಡೆಯಲಿ

ಉಕ್ತಲೇಖನದಲ್ಲಿ ಅಕ್ಷರ ಬಿಡುವ, ಕೇಳಿದ್ದೊಂದಾದರೆ ಇನ್ನೊಂದು ಉತ್ತರ ಹೇಳುವ, ಕರೆದರೆ ತಿರುಗಿ ನೋಡದ ಮಗುವನ್ನು ದಡ್ಡನೆಂದು ಹಿಂದಿನ ಸಾಲಿಗೆ ತಳ್ಳುವುದು ನಮ್ಮ ಶಾಲೆಗಳ ಹಳೆಯ ರೂಢಿ. ಆ ಮಗುವಿಗೆ ಬುದ್ಧಿ ಕಡಿಮೆಯೋ ಕಿವಿ ಮಂದವೋ ಎಂದು ನೋಡುವವರು ಅಪರೂಪ. ಉಳ್ಳವರ ಮಗುವಾದರೆ ಮಣಿಪಾಲಕ್ಕೋ ಮಂಗಳೂರಿಗೋ ಕರೆದೊಯ್ದು ಪರೀಕ್ಷೆ ಮಾಡಿಸುತ್ತಾರೆ. ಕೂಲಿಯವರ ಮಗುವಿಗೆ ದಡ್ಡನೆಂಬ ಹೆಸರೇ ನಿಲ್ಲುತ್ತದೆ. ನಾಲ್ಕಾರು ವರ್ಷದಲ್ಲಿ ಅದು ಶಾಲೆ ಬಿಟ್ಟು ಅಡಿಕೆ ಸುಲಿಯಲು ಹೋಗುತ್ತದೆ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಶಾಲೆಗಳಲ್ಲಿ ಕಿವಿಯ ಆರೋಗ್ಯವನ್ನು ಪಾಠವಾಗಿಯೇ ಕಲಿಸಬೇಕು, ಅದಕ್ಕೆ ಅಂತರ್ಜಾಲದ ಸಾಧನಗಳನ್ನು ಧಾರಾಳವಾಗಿ ಬಳಸಬೇಕು ಎಂಬುದು ನಮ್ಮ ಅಭಿಪ್ರಾಯ. ಆದರೆ ಆ ಪಾಠ ಶಾಲೆಯಲ್ಲಿ, ಎಲ್ಲ ಮಕ್ಕಳೆದುರು, ಸರ್ಕಾರದ ಖರ್ಚಿನಲ್ಲಿ ನಡೆಯಬೇಕು. ಅದನ್ನು ಮನೆಯ ಮೊಬೈಲಿನ ಪಾಲಿಗೆ ಬಿಡಬಾರದು.

ಕಲಿಸಬೇಕಾದುದೇನು? ಒಳಗಿವಿಯಲ್ಲಿ ಸುಮಾರು 15,000 ಸೂಕ್ಷ್ಮ ರೋಮಕೋಶಗಳಿವೆ. ಸದ್ದನ್ನು ಮೆದುಳಿಗೆ ಮುಟ್ಟಿಸುವ ಕೆಲಸ ಅವುಗಳದು. ಗದ್ದೆಯಲ್ಲಿ ಸಸಿ ಸತ್ತರೆ ಇನ್ನೊಂದು ನೆಡಬಹುದು. ಈ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಮಕ್ಕಳ ಕಿವುಡಿನಲ್ಲಿ ನೂರಕ್ಕೆ 60 ಪಾಲು ತಡೆಯಬಹುದಾದದ್ದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಕಿವಿ ಸೋರುವುದನ್ನು ಅಲಕ್ಷ್ಯ ಮಾಡುವುದು, ಗುಗ್ಗೆ ತೆಗೆಯಲೆಂದು ಪಿನ್ನು, ಬೆಂಕಿಕಡ್ಡಿ ಹಾಕುವುದು, ಕಾಯಿಸಿದ ಎಣ್ಣೆ ಬಿಡುವುದು, ಚುಚ್ಚುಮದ್ದು ತಪ್ಪಿಸುವುದು ಇವೆಲ್ಲ ಆ ತಡೆಯಬಹುದಾದ ಪಾಲಿಗೆ ಸೇರಿದವು. ಇವನ್ನು ತಡೆಯಲು ದೊಡ್ಡ ಆಸ್ಪತ್ರೆ ಬೇಕಿಲ್ಲ, ತಿಳಿವಳಿಕೆ ಬೇಕು.

ಇನ್ನು ಸದ್ದಿನ ಲೆಕ್ಕ. 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. 90ಕ್ಕೆ ಏರಿದರೆ ವಾರಕ್ಕೆ 4 ಗಂಟೆ ಮಾತ್ರ. 100ಕ್ಕೆ ಏರಿದರೆ ಅರ್ಧ ಗಂಟೆಯೂ ಇಲ್ಲ. ಮಕ್ಕಳಿಗಂತೂ ಮೊದಲ ಮಿತಿಯೇ 75. ಪೂರ್ತಿ ಏರಿಸಿದ ಇಯರ್‌ಫೋನು 100 ಡೆಸಿಬೆಲ್ ದಾಟಬಲ್ಲದು. ಹೀಗೆ ಗಟ್ಟಿಯಾಗಿ ಕೇಳುವ ಅಭ್ಯಾಸದಿಂದ ಜಗತ್ತಿನಲ್ಲಿ ನೂರು ಕೋಟಿಗೂ ಹೆಚ್ಚು ಯುವಜನರ ಕಿವಿ ಅಪಾಯದಲ್ಲಿದೆ ಎಂದು ಅದೇ ಸಂಸ್ಥೆ 2021ರ ವರದಿಯಲ್ಲಿ ಎಚ್ಚರಿಸಿತು.

ಇಂಥ ವಿಷಯವನ್ನು ಬರಿಯ ಮಾತಿನಲ್ಲಿ ಹೇಳಿದರೆ ಮಕ್ಕಳಿಗೆ ತಟ್ಟುವುದಿಲ್ಲ. ಚಲಿಸುವ ಚಿತ್ರದಲ್ಲಿ ರೋಮಕೋಶ ಬಾಗುವುದನ್ನು ಕಾಣಬೇಕು; ಕಿವಿ ಮಂದವಾದವನಿಗೆ ಮಾತು ಹೇಗೆ ಕೇಳುತ್ತದೆಂದು ತಾವೇ ಕೇಳಿ ನೋಡಬೇಕು. ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಹುಟ್ಟಿದ 'ಡೇಂಜರಸ್ ಡೆಸಿಬೆಲ್ಸ್' ಎಂಬ ಕಾರ್ಯಕ್ರಮ ಆಟಗಳ ಮೂಲಕ ಶಾಲಾಮಕ್ಕಳಿಗೆ ಇದನ್ನೇ ಕಲಿಸುತ್ತದೆ. ನಮ್ಮಲ್ಲಿಯೂ 2017ರಿಂದ ದೀಕ್ಷಾ ಎಂಬ ಸರ್ಕಾರಿ ಜಾಲತಾಣವಿದೆ. ಕಿವಿಯ ವಿದ್ಯೆಗೆಂದೇ 1965ರಲ್ಲಿ ಸ್ಥಾಪನೆಯಾದ ವಾಕ್ ಶ್ರವಣ ಸಂಸ್ಥೆ ನಮ್ಮ ಮೈಸೂರಿನಲ್ಲೇ ಇದೆ. ವಿದ್ಯೆ ಬಲ್ಲ ಸಂಸ್ಥೆಯೂ ಅದನ್ನು ಶಾಲೆಗೆ ಮುಟ್ಟಿಸುವ ದಾರಿಯೂ ನಮ್ಮಲ್ಲಿರುವಾಗ ಒಳ್ಳೆಯ ಕನ್ನಡ ಪಾಠ ಸಿದ್ಧಪಡಿಸುವುದು ಅಸಾಧ್ಯವೇನಲ್ಲ.

ಆದರೆ 2020ರ ಪಾಠವನ್ನು ಮರೆಯಬಾರದು. ಆ ವರ್ಷ ಶಾಲೆ ಮುಚ್ಚಿ ಪಾಠ ಮೊಬೈಲಿಗೆ ಹೋದಾಗ ಮಲೆನಾಡಿನ ಮಕ್ಕಳು ಸಿಗ್ನಲ್ ಹುಡುಕುತ್ತ ಗುಡ್ಡ ಹತ್ತಿದರು. ಒಂದೇ ಮೊಬೈಲು ಇದ್ದ ಮನೆಯಲ್ಲಿ ಅಪ್ಪ ಅದನ್ನು ಕೆಲಸಕ್ಕೆ ಒಯ್ದರೆ ಮಗುವಿಗೆ ಪಾಠವಿಲ್ಲ. ಮೊಬೈಲು ಇದ್ದ ಮಗು ಇಯರ್‌ಫೋನು ಸಿಕ್ಕಿಸಿಕೊಂಡು ತಾಸುಗಟ್ಟಲೆ ಕುಳಿತಿತು. ಕಿವಿ ಕಾಯುವ ಪಾಠವನ್ನೂ ಹೀಗೆಯೇ ಕಲಿಸಿದರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ.

ಆದ್ದರಿಂದ ನಮ್ಮ ಬೇಡಿಕೆಗಳು ಸ್ಪಷ್ಟ. ಒಂದು, ಪಾಠವನ್ನು ಒಮ್ಮೆ ಇಳಿಸಿಕೊಂಡು, ಸಿಗ್ನಲ್ ಇಲ್ಲದಿದ್ದರೂ ಶಾಲೆಯ ಪರದೆಯ ಮೇಲೆ ಇಡೀ ತರಗತಿಗೆ ತೋರಿಸುವಂತಿರಬೇಕು. ಎರಡು, ಪಾಠ ಮುಗಿದ ಮೇಲೆ ಪ್ರತಿ ಮಗುವಿನ ಕಿವಿ ಪರೀಕ್ಷೆಯಾಗಬೇಕು. ಶಾಲಾಮಕ್ಕಳ ತಪಾಸಣೆಗೆಂದು 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಬಂದಿದೆ. ಅದರ ತಂಡ ಹಾಜರಿ ಹಾಕಿ ಹೋಗದೆ ಕಿವಿಯನ್ನು ನೋಡಲಿ. ಮೊಬೈಲಿನಲ್ಲಿ ಮಾಡುವ ಪರೀಕ್ಷೆ ಸುಳಿವು ಕೊಟ್ಟೀತು, ವೈದ್ಯರ ಸ್ಥಾನ ತುಂಬದು. ಮೂರು, ದೋಷ ಕಂಡ ಮಗುವಿಗೆ ಚಿಕಿತ್ಸೆ, ಶ್ರವಣಯಂತ್ರ ಸಿಗುವವರೆಗೆ ಹೊಣೆ ಸರ್ಕಾರದ್ದು. ಅಷ್ಟರಲ್ಲಿ ಅದನ್ನು ಮುಂದಿನ ಸಾಲಿನಲ್ಲಿ ಕೂರಿಸಲು ಯಾವ ಹಣವೂ ಬೇಡ.

ಗಿರಣಿಯ ಬಂಧುಗಳೇ, ಇದು ನಿಮ್ಮ ಪ್ರಶ್ನೆಯೂ ಹೌದು. ಅಕ್ಕಿ ಗಿರಣಿ, ಸಾಮಿಲ್ಲುಗಳ ಸದ್ದಿನಲ್ಲಿ ದುಡಿದವರು ಸಂಜೆ ಮನೆಯಲ್ಲಿ ಗಟ್ಟಿಯಾಗಿ ಮಾತಾಡುವುದು ಸಿಟ್ಟಿನಿಂದಲ್ಲ, ಕಿವಿ ಕೇಳದ್ದರಿಂದ. ಸದ್ದಿನಿಂದ ಬರುವ ಕಿವುಡು ಕಾನೂನಿನ ರೋಗಗಳ ಪಟ್ಟಿಯಲ್ಲಿ ಸೇರಿದ್ದರೂ ಸಣ್ಣ ಗಿರಣಿಯ ಆಳಿಗೆ ಆ ಮಾತನ್ನು ಹೇಳಿದವರು ಯಾರು? ಶಾಲೆಯಲ್ಲಿ ಕಲಿತ ಮಗು ಮನೆಗೆ ಬಂದು, "ಅಪ್ಪಾ, ಕಿವಿಗೆ ರಕ್ಷಣೆ ಕೊಡಿ ಅಂತ ಯಜಮಾನರನ್ನು ಕೇಳಿ" ಎಂದರೆ ಪಾಠ ಸಾರ್ಥಕವಾದಂತೆ.

ಅಂಗಡಿಯ ಗೆಳೆಯರಿಗೂ ಒಂದು ಮಾತು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಶಾಲೆಯ ಸುತ್ತ 100 ಮೀಟರು ನಿಶ್ಶಬ್ದ ವಲಯವಾಗಬಲ್ಲದು. ಅಲ್ಲಿ ಪ್ರಚಾರದ ಮೈಕು ಬೇಡ. ನಮ್ಮ ಪಕ್ಷದ ಮೈಕೂ ಬೇಡ.

ಶಾಲಾಭಿವೃದ್ಧಿ ಸಮಿತಿಯ ಮುಂದಿನ ಸಭೆಯಲ್ಲಿ ತಂದೆತಾಯಂದಿರು ಎದ್ದು ನಿಂತು ಈ ಬೇಡಿಕೆಗಳನ್ನು ಬರೆಸಬೇಕು, ಗ್ರಾಮಸಭೆಯಲ್ಲೂ ಎತ್ತಬೇಕು. ಮಕ್ಕಳ ಕಿವುಡಿಗೆ ಔಷಧವಿದೆ, ಯಂತ್ರವಿದೆ. ಅಧಿಕಾರಿಗಳ ಜಾಣಕಿವುಡಿಗೆ ಇರುವ ಮದ್ದು ಒಂದೇ, ಜನರ ಒಟ್ಟು ದನಿ.