ಹಾವು ಕಡಿತ: ಊರವರ ಸಲಹೆಗಿಂತ ಆಸ್ಪತ್ರೆ ಮೊದಲು



ಕಾರವಾರ, ಅಂಕೋಲಾ ತಾಲ್ಲೂಕುಗಳ ಗದ್ದೆಬಯಲಿನಲ್ಲಿ ನಾಟಿ ಶುರುವಾಗುವ ಮಳೆಗಾಲದಲ್ಲಿ ಹಾವು ಕಡಿತದ ಭಯವೂ ಹೆಚ್ಚುತ್ತದೆ. ಆಗ ಸುತ್ತ ನೆರೆದವರು ಕಳಕಳಿಯಿಂದಲೇ ಕೊಡುವ ಸಲಹೆಗಳು, ಅಂದರೆ ಕಾಲಿಗೆ ಹಗ್ಗ ಬಿಗಿಯುವುದು, ಬ್ಲೇಡಿನಿಂದ ಗೀರಿ ರಕ್ತ ಹರಿಸುವುದು, ವಿಷ ಏರಿದೆಯೇ ಎಂದು ತಿಳಿಯಲು ಹಸಿಮೆಣಸು ಅಗಿಯಲು ಕೊಡುವುದು, ಜೀವ ಉಳಿಸಬೇಕಾದ ಸಮಯವನ್ನೇ ನುಂಗಿಬಿಡುತ್ತವೆ. ಬಿಗಿದ ಕಟ್ಟು ರಕ್ತಸಂಚಾರವನ್ನು ತಡೆದು ಕಾಲನ್ನೇ ಕಳೆದುಕೊಳ್ಳುವಂತೆ ಮಾಡಬಲ್ಲದು. ‘ಕಟ್ಟು ಹಾವು’ ಎಂಬ ವಿಷದ ಹಾವು ಕಚ್ಚಿದಾಗ ನೋವು, ಬಾವು ತೀರಾ ಕಡಿಮೆ ಇರುವುದರಿಂದ ‘ಏನೂ ಆಗಿಲ್ಲ, ಮಲಗಲಿ’ ಎಂಬ ಸಮಾಧಾನದ ಮಾತು ಇನ್ನೂ ಅಪಾಯಕಾರಿ.

ಅಲ್ಪ ವಿಷವನ್ನು ಕುದುರೆಗೆ ಚುಚ್ಚಿ, ಅದರ ರಕ್ತದಿಂದ ಸಿದ್ಧಪಡಿಸುವ ಪ್ರತಿವಿಷವೊಂದೇ ಹಾವಿನ ವಿಷಕ್ಕೆ ನಿಜವಾದ ಔಷಧ. ರಾಜ್ಯ ಸರ್ಕಾರವು 2024ರಲ್ಲಿ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆ, ಅಂದರೆ ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ, ಎಂದು ಘೋಷಿಸಿರುವುದು ಸ್ವಾಗತಾರ್ಹವಾದರೂ ಆಸ್ಪತ್ರೆಯೇ ಮೊದಲು ಎಂಬ ತಿಳಿವಳಿಕೆ ಗದ್ದೆಯ ಅಂಚಿಗೂ ತಲುಪಬೇಕಾಗಿದೆ.

ಕಚ್ಚಿದ ಅಂಗವನ್ನು ಅಲುಗಾಡಿಸದೆ, 108ಕ್ಕೆ ಕರೆ ಮಾಡಿ, ತಾಲ್ಲೂಕು ಆಸ್ಪತ್ರೆಗೋ ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆಗೋ ಕೂಡಲೇ ಸಾಗಿಸಬೇಕೆಂಬ ಫಲಕಗಳನ್ನು ಪ್ರತಿ ಗ್ರಾಮ ಪಂಚಾಯಿತಿ ಹಾಗೂ ಬಸ್ ತಂಗುದಾಣದಲ್ಲಿ ಆರೋಗ್ಯ ಇಲಾಖೆಯು ಮಳೆಗಾಲಕ್ಕೆ ಮೊದಲೇ ಹಾಕಿಸಬೇಕೆಂದು ವಿನಂತಿ.

– ಓದುಗರು, ಅಂಕೋಲಾ